ಹಳೆ ಸೀರೆ, ಹೊಸ ಕೌದಿ: ಬೇಸಿಗೆ ರಜೆಯಲ್ಲಿ ಮನೆಯಲ್ಲೇ ಹೊಲಿಯುವುದು ಹೇಗೆ?

ಏಪ್ರಿಲ್ ಎರಡನೇ ವಾರ ಶಾಲೆಗಳು ಮುಚ್ಚಿದರೆ ಮತ್ತೆ ಬಾಗಿಲು ತೆರೆಯುವುದು ಮೇ ತಿಂಗಳ ಕೊನೆಗೆ. ಬಿಸಿಲೇರಿದ ಮೇಲೆ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ, ದೊಡ್ಡವರಿಗೂ ಮಧ್ಯಾಹ್ನದ ಹೊತ್ತು ಹೋಗುವುದಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರು ಕೌದಿ ಹೊಲಿಯಲು ಪಡಸಾಲೆಯಲ್ಲಿ ಕೂರುವುದು ಇದೇ ದಿನಗಳಲ್ಲಿ. ಸುಗ್ಗಿ ಮುಗಿದಿರುತ್ತದೆ, ಹೊಲದ ಕೆಲಸ ಹಗುರಾಗಿರುತ್ತದೆ, ಒಗೆದು ಹಾಕಿದ ಬಟ್ಟೆ ಬೇಗ ಒಣಗುತ್ತದೆ. ಮಳೆ ಹಿಡಿಯುವಷ್ಟರಲ್ಲಿ ಮನೆಗೊಂದು ಹೊಸ ಹೊದಿಕೆ ಸಿದ್ಧವಾಗಿರುತ್ತದೆ.

ಈ ರಜೆಯಲ್ಲಿ ನಿಮ್ಮ ಮನೆಯಲ್ಲೂ ಒಂದು ಕೌದಿ ಆಗಬಹುದು. ಹೊಲಿಗೆ ಯಂತ್ರ ಬೇಡ, ಹೊಸ ಬಟ್ಟೆಯನ್ನೂ ಕೊಳ್ಳಬೇಕಿಲ್ಲ. ಬೀರುವಿನಲ್ಲಿ ಉಡದೆ ಉಳಿದ ಹತ್ತಿ ಸೀರೆ, ಒಂದು ಸೂಜಿ, ದಪ್ಪ ದಾರ ಇದ್ದರೆ ಆರಂಭಿಸಬಹುದು. ಮೊದಲ ಸಲಕ್ಕೆ ದೊಡ್ಡ ಹೊದಿಕೆಗೆ ಕೈ ಹಾಕದೆ, ಒಂದೇ ಸೀರೆಯಲ್ಲಿ ಪದರಗಳೆಲ್ಲ ಮುಗಿಯುವ ಕೂಸಿನ ಕೌದಿಯನ್ನು ಹೊಲಿಯಿರಿ. ಚಿಕ್ಕದನ್ನು ಪೂರ್ತಿ ಮುಗಿಸಿದವರ ಕೈ ದೊಡ್ಡದಕ್ಕೆ ತಾನಾಗಿ ಹೋಗುತ್ತದೆ.

ಕೌದಿ ಬೆಚ್ಚಗಿಡುವುದು ಹೇಗೆ?

ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳದ ಕಡೆ ಕೌದಿ ಇಲ್ಲದ ಹಳ್ಳಿಮನೆ ಸಿಗುವುದು ಅಪರೂಪ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಇದೇ ಬಳಗಕ್ಕೆ ಸೇರಿದ್ದು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿಗಳ ಕವಂದಿಯನ್ನು ಅಧ್ಯಯನ ಮಾಡಿದ್ದಾರೆ, ಅವು ನ್ಯೂಯಾರ್ಕ್‌ನಲ್ಲೂ ಪ್ರದರ್ಶನ ಕಂಡಿವೆ. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿ ಎಲ್ಲವೂ ಹಳೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಸಾದಾ ಹೊಲಿಗೆಯಿಂದ ಕೂಡಿಸುವ ಕೆಲಸಗಳೇ.

ನೋಡುವವರ ಕಣ್ಣಿಗೆ ಮೊದಲು ಬೀಳುವುದು ಮೇಲಿನ ಬಣ್ಣ ಬಣ್ಣದ ತೇಪೆ. ಆದರೆ ಚಳಿ ತಡೆಯುವ ಕೆಲಸ ನಡೆಯುವುದು ಒಳಗಿನ ಪದರಗಳಲ್ಲಿ. ಎರಡು ಬಟ್ಟೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲ್ಲಾಡದೆ ನಿಂತರೆ ಮೈಯ ಶಾಖವನ್ನು ಬೇಗ ಹೊರಗೆ ಬಿಟ್ಟುಕೊಡುವುದಿಲ್ಲ. ಒಂದು ದಪ್ಪ ಬಟ್ಟೆಗಿಂತ ನಾಲ್ಕು ತೆಳು ಬಟ್ಟೆ ಬೆಚ್ಚಗೆ ಅನಿಸುವುದು ಇದೇ ಕಾರಣಕ್ಕೆ. ಪದರಗಳು ಜಾರಿ ಒಂದು ಕಡೆ ಗುಡ್ಡೆಯಾಗದಂತೆ ಹಿಡಿದಿಡುವುದು ಹೊಲಿಗೆಯ ಸಾಲು. ಸಾಲುಗಳು ತೀರಾ ದೂರವಾದರೆ ಒಗೆದಾಗ ಒಳಬಟ್ಟೆ ಮುದ್ದೆಯಾಗುತ್ತದೆ, ತೀರಾ ಹತ್ತಿರವಾದರೆ ಗಾಳಿಗೆ ಜಾಗ ಉಳಿಯದೆ ಕೌದಿ ಹಲಗೆಯಂತೆ ಬಿರುಸಾಗುತ್ತದೆ. ಎರಡು ಸಾಲುಗಳ ನಡುವೆ ಅರ್ಧ ಇಂಚಿನಿಂದ ಒಂದು ಇಂಚಿನವರೆಗೆ ಬಿಡುವುದು ಹದ. ಹೊಸಬರು ಮುಕ್ಕಾಲು ಇಂಚು, ಅಂದರೆ ಒಂದು ಬೆರಳಗಲ, ಇಟ್ಟುಕೊಂಡರೆ ಸಾಕು.

ಯಾವ ಬಟ್ಟೆ ಆಗುತ್ತದೆ, ಯಾವುದು ಆಗುವುದಿಲ್ಲ

ಕೌದಿಗೆ ಹಳೆಯ ಹತ್ತಿ ಬಟ್ಟೆಯೇ ಮೇಲು. ವರ್ಷಗಟ್ಟಲೆ ಒಗೆದ ಸೀರೆ, ಧೋತರದಲ್ಲಿ ಗಂಜಿಯ ಬಿಗಿ ಹೋಗಿ ನೂಲು ಮೆತ್ತಗಾಗಿರುತ್ತದೆ. ಕುಗ್ಗಬೇಕಾದಷ್ಟು ಆಗಲೇ ಕುಗ್ಗಿರುತ್ತದೆ. ಹೊಸ ಹತ್ತಿ ಬಟ್ಟೆ ಸೇರಿಸುವ ಮನಸ್ಸಿದ್ದರೆ ಮೊದಲು ಎರಡು ಸಲ ನೆನೆಸಿ, ಒಗೆದು, ಒಣಗಿಸಿ. ಇಲ್ಲದಿದ್ದರೆ ಕೌದಿಯನ್ನು ಮೊದಲ ಸಲ ಒಗೆದಾಗ ಆ ತುಂಡು ಮಾತ್ರ ಕುಗ್ಗಿ ಸುತ್ತಲಿನ ಬಟ್ಟೆಯನ್ನು ಎಳೆದುಕೊಂಡು ಸುಕ್ಕು ಕಟ್ಟುತ್ತದೆ.

ಪಾಲಿಯೆಸ್ಟರ್, ನೈಲಾನ್, ಜಾರ್ಜೆಟ್ ಸೀರೆಗಳನ್ನು ಬದಿಗಿಡಿ. ಅವು ಬೆವರು ಹೀರುವುದಿಲ್ಲ, ಹೊಲಿಯುವಾಗ ಜಾರುತ್ತವೆ, ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತವೆ. ಕೂಸಿನ ಹೊದಿಕೆಗೆ ಅವು ಬೇಡವೇ ಬೇಡ. ಅನುಮಾನವಿದ್ದರೆ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹಳೆ ಹತ್ತಿ ಅದನ್ನು ತಕ್ಷಣ ಕುಡಿಯುತ್ತದೆ, ಪಾಲಿಯೆಸ್ಟರ್ ಮೇಲೆ ಹನಿ ಸ್ವಲ್ಪ ಹೊತ್ತು ನಿಂತು ಜಾರಬಹುದು. ಇನ್ನೂ ಖಚಿತವಾಗಬೇಕೆಂದರೆ ಅಂಚಿನಿಂದ ಎರಡು ಎಳೆ ಎಳೆದು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ತೋರಿಸಿ. ಹತ್ತಿ ಸುಟ್ಟ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತದೆ. ಈ ಪರೀಕ್ಷೆಯನ್ನು ದೊಡ್ಡವರೇ ಮಾಡಲಿ, ಪಕ್ಕದಲ್ಲಿ ನೀರಿನ ಪಾತ್ರೆ ಇರಲಿ.

ಇಳಕಲ್ ಸೀರೆಯಾದರೆ ಇನ್ನೊಂದು ಎಚ್ಚರ. ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುತ್ತದೆ. ಎರಡರ ಸ್ವಭಾವ ಬೇರೆ, ಒಗೆದಾಗ ಕುಗ್ಗುವ ಪ್ರಮಾಣವೂ ಬೇರೆ. ಸೆರಗನ್ನು ಕತ್ತರಿಸಿ ಬೇರೆ ಕೆಲಸಕ್ಕೆ ಎತ್ತಿಡಿ. ಗುಳೇದಗುಡ್ಡದ ಖಣದ ತುಂಡುಗಳು ಮೇಲಿನ ತೇಪೆಗೆ ಸೊಗಸು. ಆದರೆ ಕೂಸಿನ ಮೈಗೆ ತಾಗುವ ಕೆಳಪದರಕ್ಕೆ ಖಣವಾಗಲಿ ಜರಿಯಾಗಲಿ ಬೇಡ.

ಇನ್ನು ಎರಡು ಪರೀಕ್ಷೆ. ಮೊದಲನೆಯದು ಗಟ್ಟಿತನದ್ದು. ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಸುಲಭವಾಗಿ ಪರ್ರನೆ ಹರಿದರೆ ಅದು ಒಳಪದರಕ್ಕೆ ಸರಿ, ಮೇಲಕ್ಕೂ ಕೆಳಕ್ಕೂ ಬೇಡ. ಸೀರೆಯಲ್ಲಿ ಹೆಚ್ಚು ಸವೆದಿರುವುದು ಕಾಲಿಗೆ ತಾಗುವ ಕೆಳಅಂಚು ಮತ್ತು ನೆರಿಗೆಯ ಭಾಗ. ಸೊಂಟಕ್ಕೆ ಸಿಕ್ಕಿಸುವ ಒಳತುದಿಯ ಬಣ್ಣ ಬಿಸಿಲು ಕಾಣದೆ ಹಾಗೇ ಉಳಿದಿರುತ್ತದೆ, ಅದನ್ನು ಮೇಲುಮುಖಕ್ಕೆ ಇಟ್ಟುಕೊಳ್ಳಿ. ಎರಡನೆಯದು ಬಣ್ಣದ್ದು. ಕೆಂಪು, ಕಡುನೀಲಿ, ಕಪ್ಪು ಬಟ್ಟೆಯನ್ನು ನೆನೆಸಿ ಬಿಳಿ ಅರಿವೆಯ ಮೇಲಿಟ್ಟು ಒತ್ತಿ. ಬಣ್ಣ ಹತ್ತಿದರೆ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಒಗೆಯಿರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಂತುಬಿಡುತ್ತದೆ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಎಷ್ಟು ಒಗೆದರೂ ಬಿಡುತ್ತಲೇ ಇರುವ ಬಟ್ಟೆಯನ್ನು ಕೌದಿಗೆ ಸೇರಿಸಬೇಡಿ.

ಬೇಕಾಗುವ ಸಾಮಾನು

ಸೂಜಿ ಉದ್ದವಾಗಿ, ಗಟ್ಟಿಯಾಗಿ, ದಪ್ಪ ದಾರ ಹಿಡಿಸುವಷ್ಟು ಅಗಲದ ಕಣ್ಣಿನದಾಗಿರಲಿ. ಗೋಣಿಚೀಲ ಹೊಲಿಯುವ ದಬ್ಬಣ ಬೇಡ, ಅದು ಸೀರೆಯಲ್ಲಿ ತೂತು ಬಿಡುತ್ತದೆ. ದಾರ ಹತ್ತಿಯದೇ ಆಗಿರಲಿ. ಮಷಿನ್ನಿನ ಸಾಮಾನ್ಯ ದಾರವಾದರೆ ಎರಡೆಳೆ ಮಾಡಿಕೊಳ್ಳಿ. ಕಡುಬಣ್ಣದ ಬಟ್ಟೆಯ ಮೇಲೆ ಬಿಳಿ ದಾರ ಹಾಕಿದರೆ ಸಾಲುಗಳು ಎದ್ದು ಕಾಣುತ್ತವೆ, ಹೊಲಿಗೆಯ ಅಂದವೂ ಅದರಲ್ಲೇ ಇದೆ. ಸೂಜಿ ತಳ್ಳುವ ಬೆರಳಿಗೆ ತೊಡಲು ಲೋಹದ ಟೊಪ್ಪಿಗೆ, ಹರಿತವಾದ ಕತ್ತರಿ, ಅಳತೆ ಟೇಪು, ಸೀಮೆಸುಣ್ಣ, ಒಂದು ಡಜನ್ ಪಿನ್ನು, ದಾರ ಸಿಕ್ಕಾಗದಂತೆ ಉಜ್ಜಲು ಒಂದಿಷ್ಟು ಜೇನುಮೇಣ ಇಷ್ಟಿದ್ದರೆ ಆಯಿತು.

ಕತ್ತರಿಸುವ ಮುನ್ನ ಲೆಕ್ಕ

ಆರು ಗಜದ ಸೀರೆ 216 ಇಂಚು ಉದ್ದ, ಸುಮಾರು 45 ಇಂಚು ಅಗಲ ಇರುತ್ತದೆ. ಇದನ್ನು 42 ಇಂಚಿಗೊಂದರಂತೆ ಅಡ್ಡಕ್ಕೆ ಕತ್ತರಿಸಿದರೆ ಐದು ತುಂಡು ಬರುತ್ತವೆ, 6 ಇಂಚು ಮಿಗುತ್ತದೆ. ಒಂದು ತುಂಡು ಕೆಳಗೆ, ಮೂರು ಒಳಗೆ, ಒಂದು ಮೇಲೆ. ಕೂಸಿನ ಕೌದಿಗೆ ಐದು ಪದರ ಧಾರಾಳವಾಯಿತು. ಸೀರೆ ದಪ್ಪ ನೇಯ್ಗೆಯದಾಗಿದ್ದರೆ ಒಳಗೆ ಎರಡೇ ಸಾಕು. ಒಳಗಿನ ಮೂರು ತುಂಡುಗಳನ್ನು ನಾಲ್ಕೂ ಕಡೆ ಒಂದೊಂದು ಇಂಚು ಕಡಿಮೆ ಮಾಡಿ. ಮೇಲಿನ ಮತ್ತು ಕೆಳಗಿನ ತುಂಡಿನ ಅಂಚು ಒಳಕ್ಕೆ ಮಡಚಿದಾಗ ಅವು ಸರಿಯಾಗಿ ಒಳಗೆ ಕೂರುತ್ತವೆ. ಮುಗಿದ ಕೌದಿ ಸುಮಾರು 40 ಇಂಚು ಉದ್ದ, 43 ಇಂಚು ಅಗಲ ಆಗುತ್ತದೆ.

ಇದಕ್ಕೆ ಎಷ್ಟು ಹೊಲಿಗೆ ಬೇಕು ಎಂಬುದನ್ನೂ ಮೊದಲೇ ತಿಳಿಯಬಹುದು. ಕೌದಿಯ ಉದ್ದ ಅಗಲವನ್ನು ಗುಣಿಸಿ, ಸಾಲುಗಳ ನಡುವಿನ ಅಂತರದಿಂದ ಭಾಗಿಸಿದರೆ ಒಟ್ಟು ಸಾಲುಗಳ ಉದ್ದ ಸಿಗುತ್ತದೆ. 40 ಮತ್ತು 43 ಗುಣಿಸಿದರೆ 1720. ಮುಕ್ಕಾಲು ಇಂಚಿನಿಂದ ಭಾಗಿಸಿದರೆ ಸುಮಾರು 2290 ಇಂಚು, ಅಂದರೆ 58 ಮೀಟರ್. ಅರ್ಧ ಇಂಚಿಗೊಂದು ಸಾಲು ಹಾಕಿದರೆ 87 ಮೀಟರ್ ಆಗುತ್ತದೆ. ದಾರ ಪದರಗಳ ಒಳಗೆ ಹೋಗಿ ಬರುವುದಕ್ಕೂ ಗಂಟಿಗೂ ಕಾಲುಭಾಗ ಹೆಚ್ಚಿಟ್ಟುಕೊಳ್ಳಿ. ಎರಡೆಳೆಯ ದಾರವಾದರೆ ಅದರ ದುಪ್ಪಟ್ಟು. ಮುಕ್ಕಾಲು ಇಂಚಿನ ಸಾಲಿಗೆ ಸುಮಾರು 150 ಮೀಟರ್ ದಾರ ಬೇಕು. ಹೊಸಬರು ಗಂಟೆಗೆ 3 ಮೀಟರ್ ಸಾಗಿದರೂ 20 ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ದಿನಕ್ಕೆರಡು ಗಂಟೆ ಕೂತರೆ ಹತ್ತು ದಿನ.

ಪದರ ಹಾಸುವುದು

ಕೌದಿ ಸುಕ್ಕಾಗುವುದೋ ಸಪಾಟಾಗಿ ಬರುವುದೋ ತೀರ್ಮಾನವಾಗುವುದು ಈ ಹಂತದಲ್ಲಿ. ಇಲ್ಲಿ ಅವಸರ ಮಾಡಬೇಡಿ.

ಎಲ್ಲ ತುಂಡುಗಳಿಗೂ ಇಸ್ತ್ರಿ ಮಾಡಿ. ನೆಲ ಒರೆಸಿ ಒಣಗಿಸಿ, ಕೆಳಪದರವನ್ನು ಒಳಮೈ ಮೇಲೆ ಬರುವಂತೆ ಹಾಸಿ. ನಾಲ್ಕು ಮೂಲೆಗೂ ಭಾರವಿಡಿ. ಬಟ್ಟೆ ಸೆಟೆಯುವಂತೆ ಎಳೆಯಬೇಡಿ, ಸುಕ್ಕಿಲ್ಲದೆ ಮಲಗಿದರೆ ಸಾಕು. ಅದರ ಮೇಲೆ ಒಳಪದರಗಳನ್ನು ಒಂದೊಂದಾಗಿ ಇಟ್ಟು, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಎಲ್ಲ ತುಂಡುಗಳ ಸೀರೆಯಂಚು ಒಂದೇ ದಿಕ್ಕಿಗಿರಲಿ. ಬಟ್ಟೆ ಹಾಸಿನ ಎಳೆಯುದ್ದಕ್ಕೆ ಕಡಿಮೆ ಹಿಗ್ಗುತ್ತದೆ, ಹೊಕ್ಕಿನ ಕಡೆಗೆ ತುಸು ಹೆಚ್ಚು, ಮೂಲೆಯಿಂದ ಮೂಲೆಗೆ ಎಳೆದರೆ ಎಲ್ಲಕ್ಕಿಂತ ಹೆಚ್ಚು. ದಿಕ್ಕು ತಪ್ಪಿಸಿ ಹಾಸಿದರೆ ಒಂದು ಪದರ ಹಿಗ್ಗಿ ಇನ್ನೊಂದು ಹಿಗ್ಗದೆ ಕೌದಿ ಓರೆಯಾಗುತ್ತದೆ.

ಮೇಲಿನ ಪದರ ಹಾಸಿದ ಮೇಲೆ ಕಚ್ಚಾ ಹೊಲಿಗೆ ಹಾಕಿ. ಇದು ಕೊನೆಗೆ ಬಿಚ್ಚುವ ಹೊಲಿಗೆ, ಆದ್ದರಿಂದ ಬೇರೆ ಬಣ್ಣದ ದಾರ ಬಳಸಿ, ಒಂದೊಂದು ಟಾಕು ಎರಡು ಇಂಚು ಉದ್ದವಿದ್ದರೂ ನಡೆಯುತ್ತದೆ. ನಡುವಿನಿಂದ ಆರಂಭಿಸಿ ನಾಲ್ಕು ದಿಕ್ಕಿಗೂ ಹೋಗಿ, ಆಮೇಲೆ ಆರಾರು ಇಂಚಿಗೊಂದು ಸಾಲಿನಂತೆ ಚೌಕುಳಿ ಹಾಕಿ. ಅಂಚಿನ ಎರಡು ಇಂಚು ಬಿಟ್ಟಿರಲಿ, ಅಲ್ಲಿ ಮಡಚುವ ಕೆಲಸವಿದೆ. ಕಚ್ಚಾ ಹೊಲಿಗೆಗೆ ಒಂದು ಗಂಟೆ ಹಿಡಿಯಬಹುದು. ಅದನ್ನು ಬಿಟ್ಟರೆ ಆಮೇಲೆ ಸುಕ್ಕು ಬಿಡಿಸುವುದರಲ್ಲೇ ದಿನ ಹೋಗುತ್ತದೆ.

ಅಂಚು ಮತ್ತು ಮೂಲೆ

ಕೆಳಪದರದ ಹೊರ ಅಂಚನ್ನು ಒಂದು ಇಂಚು ಒಳಕ್ಕೆ, ಒಳಪದರಗಳ ಮೇಲೆ ಮಡಚಿ. ಮೇಲಿನ ಪದರದ ಅಂಚನ್ನೂ ಒಂದು ಇಂಚು ಒಳಕ್ಕೆ, ಒಳಪದರಗಳ ಕಡೆಗೆ ಮಡಚಿ. ಎರಡು ಮಡಿಕೆಗಳು ಒಂದರ ಮೇಲೊಂದು ಸರಿಯಾಗಿ ಕೂತು ಹರಿದ ಎಳೆಗಳೆಲ್ಲ ಒಳಗೆ ಮುಚ್ಚಿಹೋಗಬೇಕು. ಪಿನ್ನು ಹಾಕಿ ಹಿಡಿಸಿ.

ಮೂಲೆಯಲ್ಲಿ ಬಟ್ಟೆ ದಪ್ಪಗಾಗಿ ಸೂಜಿ ಹೋಗುವುದಿಲ್ಲ ಎಂಬುದು ಹೊಸಬರ ದೂರು. ಅದಕ್ಕೆ ಉಪಾಯವಿದೆ. ಮೊದಲು ಮೂಲೆಯ ತುದಿಯನ್ನೇ ಓರೆಯಾಗಿ ಒಳಕ್ಕೆ ಮಡಚಿ, ಆ ತ್ರಿಕೋನದಲ್ಲಿ ಹೆಚ್ಚಾದದ್ದನ್ನು ಕತ್ತರಿಸಿ ಹಾಕಿ, ಆಮೇಲೆ ಎರಡು ಬದಿಗಳನ್ನು ಮಡಚಿ. ಎರಡೂ ಮಡಿಕೆ ಮೂಲೆಯಲ್ಲಿ ಓರೆಗೆರೆಯಾಗಿ ಕೂಡುತ್ತವೆ, ಗಂಟು ಕಟ್ಟುವುದಿಲ್ಲ.

ಸಿದ್ದಿ ಹೆಂಗಸರ ಕವಂದಿಯ ನಾಲ್ಕು ಮೂಲೆಯಲ್ಲಿ ಸಣ್ಣ ತ್ರಿಕೋನದ ಬಟ್ಟೆ ಹೊರಕ್ಕೆ ಚಾಚಿಕೊಂಡಿರುತ್ತದೆ. ಅವರು ಅದನ್ನು ಫೂಲ ಎನ್ನುತ್ತಾರೆ. ಫೂಲವಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಇನ್ನೂ ಬೆತ್ತಲೆ. ನಿಮ್ಮ ಕೌದಿಗೂ ಇಂಥದ್ದೊಂದು ಬೇಕೆನಿಸಿದರೆ ಮೂರು ಇಂಚಿನ ಚೌಕ ತುಂಡನ್ನು ಮೂಲೆಯಿಂದ ಮೂಲೆಗೆ ಒಮ್ಮೆ, ಹಾಗೇ ಇನ್ನೊಮ್ಮೆ ಮಡಚಿ. ಬಿಡಿ ಅಂಚು ಕೌದಿಯ ಪದರಗಳ ನಡುವೆ ಸೇರುವಂತೆ, ಚೂಪು ತುದಿ ಹೊರಗೆ ಕಾಣುವಂತೆ ಇಟ್ಟು ಅಂಚಿನ ಜೊತೆಗೇ ಹೊಲಿದುಬಿಡಿ.

ತೇಪೆ ಇಡುತ್ತ, ಸಾಲು ಹಾಕುತ್ತ

ಈಗ ಮುಖ್ಯ ಕೆಲಸ. ಒಂದು ಗಜ ದಾರ ಕತ್ತರಿಸಿ ಎರಡೆಳೆ ಮಾಡಿದರೆ ಒಂದು ಮೊಳ ಸಿಗುತ್ತದೆ. ಕಲಿಯುವವರಿಗೆ ಅಷ್ಟೇ ಉದ್ದ ಸಾಕು. ಉದ್ದ ಹೆಚ್ಚಾದಷ್ಟೂ ದಾರ ಬಟ್ಟೆಯೊಳಗೆ ಹೆಚ್ಚು ಸಲ ಉಜ್ಜಿ ಸವೆಯುತ್ತದೆ, ಸಿಕ್ಕಾಗುತ್ತದೆ. ತುದಿಗೆ ಸಣ್ಣ ಗಂಟು ಹಾಕಿ, ಸೂಜಿಯನ್ನು ಮೇಲಿನ ಪದರದಲ್ಲಿ ಮಾತ್ರ ಚುಚ್ಚಿ ಒಂದಿಂಚು ಆಚೆ ಎತ್ತಿ, ದಾರವನ್ನು ಮೆಲ್ಲಗೆ ಜಗ್ಗಿ. ಗಂಟು ಪುಟಕ್ಕನೆ ಬಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಹೊರಗೆ ಗಂಟು ಕಾಣದ ಕೌದಿ ಕೂಸಿನ ಚರ್ಮಕ್ಕೆ ಒತ್ತುವುದಿಲ್ಲ.

ಹೊಲಿಗೆ ಸಾದಾ ಓಡುವ ಹೊಲಿಗೆ. ಟೈಲರಿಂಗ್ ಕಲಿತವರು ಇದನ್ನೇ ರನ್ನಿಂಗ್ ಸ್ಟಿಚ್ ಎನ್ನುತ್ತಾರೆ. ಬಲಗೈಯವರು ಬಲದಿಂದ ಎಡಕ್ಕೆ ಸಾಗುವುದು ಸಲೀಸು. ಎಡಗೈ ಕೌದಿಯ ಅಡಿಯಲ್ಲಿರಬೇಕು. ಸೂಜಿಯ ಮೊನೆ ಎಡಗೈ ಬೆರಳಿಗೆ ತಾಗಿತು ಎಂದಾಗ ಎಲ್ಲ ಪದರ ದಾಟಿದೆ ಎಂದರ್ಥ. ಆ ಬೆರಳೇ ಮೊನೆಯನ್ನು ಮೇಲಕ್ಕೆ ನೂಕುತ್ತದೆ. ಹೀಗೆ ಸೂಜಿಯ ಮೇಲೆ ಮೂರು ನಾಲ್ಕು ಟಾಕು ಏರಿದ ಮೇಲೆ ಒಟ್ಟಿಗೆ ಎಳೆಯಿರಿ. ಒಂದೊಂದು ಟಾಕು ಕಾಲು ಇಂಚಿನಷ್ಟಿರಲಿ. ದಾರವನ್ನು ಬಟ್ಟೆ ಚಪ್ಪಟೆಯಾಗಿ ಕೂರುವವರೆಗೆ ಮಾತ್ರ ಎಳೆಯಬೇಕು, ಬಟ್ಟೆ ನೆರಿಗೆ ಹಿಡಿದರೆ ಬಿಗಿ ಹೆಚ್ಚಾಯಿತು ಎಂದು ತಿಳಿದು ಬೆರಳಿಂದ ಸವರಿ ಸಡಿಲಿಸಿ. ಆಗಾಗ ಕೌದಿಯನ್ನು ಮಗುಚಿ ಹಿಂಬದಿ ನೋಡಿ. ಅಲ್ಲೂ ಟಾಕುಗಳು ಕಾಣುತ್ತಿದ್ದರೆ ಎಲ್ಲ ಪದರವೂ ಸೇರಿದೆ.

ಮೊದಲ ಸುತ್ತು ಅಂಚಿನಿಂದ ಕಾಲು ಇಂಚು ಒಳಗೆ. ಅದು ಮುಗಿದ ಮೇಲೆ ಮೂಲೆಯೊಂದರಿಂದ ತೇಪೆ ಇಡಲು ಆರಂಭಿಸಿ. ತೇಪೆಗಳನ್ನು ಮನೆಯ ಬೇರೆ ಹಳೆ ಹತ್ತಿ ಬಟ್ಟೆಗಳಿಂದ ಆರು ಇಂಚು ಅಗಲ, ಎಂಟು ಇಂಚು ಉದ್ದದ ಆಸುಪಾಸಿನಲ್ಲಿ ಕತ್ತರಿಸಿಕೊಳ್ಳಿ. ಎಲ್ಲವೂ ಒಂದೇ ಅಳತೆ ಆಗಬೇಕೆಂದಿಲ್ಲ. ಕೌದಿ ಪೂರ್ತಿ ಮುಚ್ಚಲು ಸುಮಾರು 50 ತುಂಡು ಬೇಕಾಗಬಹುದು. ಮೊದಲ ತೇಪೆಯ ಕಾಣುವ ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿ, ಮೂಲೆಗೆ ಹೊಂದಿಸಿ ಹೊಲಿಯಿರಿ. ಎರಡನೆಯದು ಮೊದಲನೆಯದರ ಅಂಚಿನ ಮೇಲೆ ಅರ್ಧ ಇಂಚು ಹತ್ತಿ ಕೂರಲಿ. ಮೇಲೆ ಬರುವ ಅಂಚನ್ನು ಮಡಚಿದರೆ ಸಾಕು, ಅಡಿಯಲ್ಲಿ ಮುಚ್ಚಿಹೋಗುವ ಅಂಚನ್ನು ಮಡಚಬೇಕಿಲ್ಲ. ಹೀಗೆ ನಾಲ್ಕೂ ಬದಿ ಸುತ್ತಿ ಬಂದು, ಒಳಗಿನ ಸುತ್ತಿಗೆ ಹೋಗಿ. ತೇಪೆ ಕೂಡಿಸುವ ಹೊಲಿಗೆ, ಪದರ ಹಿಡಿಯುವ ಹೊಲಿಗೆ ಎಂದು ಇಲ್ಲಿ ಎರಡಿಲ್ಲ. ಮುಕ್ಕಾಲು ಇಂಚಿಗೊಂದರಂತೆ ಸುತ್ತುವ ಸಾಲುಗಳೇ ತೇಪೆಯನ್ನೂ ಒಳಪದರಗಳನ್ನೂ ಒಟ್ಟಿಗೆ ಹಿಡಿಯುತ್ತವೆ. ತೇಪೆಯ ಮಡಿಕೆ ಸಾಲಿನ ದಾರಿಗೆ ಸಿಗದಿದ್ದಲ್ಲಿ ಆ ಅಂಚಿಗೊಂದು ಬೇರೆ ಸಾಲು ಹಾಕಿ.

ಬಣ್ಣ ಹೊಂದಿಸಲು ಸೂತ್ರವೇನೂ ಬೇಡ. ಕಡುಬಣ್ಣದ ಪಕ್ಕಕ್ಕೆ ತಿಳಿಬಣ್ಣ, ಹೂವಿನ ಬಟ್ಟೆಯ ಪಕ್ಕಕ್ಕೆ ಸಾದಾ ಬಟ್ಟೆ ಇಟ್ಟರೆ ಕಣ್ಣಿಗೆ ಹಿತ. ಎರಡು ಸುತ್ತು ಮುಂದಿನ ತೇಪೆಗಳನ್ನು ಪಿನ್ನಿಲ್ಲದೆ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ಒಪ್ಪಿಗೆಯಾದ ಮೇಲೆ ಹೊಲಿಯಿರಿ.

ಅಂಚಿನಿಂದ ನಡುವಿಗೆ ಹೊಲಿಯುತ್ತ ಬಂದಾಗ ಪದರಗಳ ಸಡಿಲು ನಡುವಿಗೆ ಸರಿಯುತ್ತದೆ. ಮೊದಲೇ ಹಾಕಿದ ಕಚ್ಚಾ ಹೊಲಿಗೆ ಇದನ್ನು ತಡೆಯುತ್ತದೆ. ಆದರೂ ಪ್ರತಿ ಸುತ್ತಿಗೊಮ್ಮೆ ಕೌದಿಯನ್ನು ನೆಲಕ್ಕೆ ಹಾಸಿ ಸವರಿ ನೋಡಿ. ಕೊನೆಗೆ ನಡುವಿನಲ್ಲಿ ಬೊಕ್ಕೆ ಎದ್ದರೆ ಅಲ್ಲೊಂದು ಸಣ್ಣ ಮಡಿಕೆ ಹಿಡಿದು ಕೊನೆಯ ತೇಪೆಯಿಂದ ಮುಚ್ಚಿಬಿಡಿ. ಕೌದಿಯ ಹೊಟ್ಟೆ ಬರಿದಾಗಿರಬಾರದೆಂದು ಕೊನೆಯ ತೇಪೆ ಮುಚ್ಚುವಾಗ ಒಳಗೆ ನಾಲ್ಕು ಕಾಳು ಹಾಕುವ ರೂಢಿ ಕೆಲವು ಕಡೆ ಇದೆ. ಹೊದ್ದವರ ಹೊಟ್ಟೆ ತಂಪಾಗಿರಲಿ ಎಂಬ ಹಾರೈಕೆ ಅದರಲ್ಲಿದೆ. ಕೂಸಿನ ಕೌದಿಗೆ ಹಾಕುವುದಾದರೆ ಕಾಳು ಹೊರಗೆ ಬರದಂತೆ ಸುತ್ತಲೂ ಒತ್ತೊತ್ತಾಗಿ ಹೊಲಿಯಿರಿ.

ಎಲ್ಲ ಮುಗಿದ ಮೇಲೆ ಕಚ್ಚಾ ಹೊಲಿಗೆ ಬಿಚ್ಚಿ. ಆಮೇಲೆ ತಪ್ಪದೆ ಮಾಡಬೇಕಾದದ್ದು ಪಿನ್ನು, ಸೂಜಿಗಳ ಎಣಿಕೆ. ಕೆಲಸಕ್ಕೆ ಕೂರುವ ಮುನ್ನ ಎಷ್ಟಿದ್ದವೋ ಅಷ್ಟೂ ಡಬ್ಬಿಗೆ ಮರಳಿದ್ದು ಖಚಿತವಾದ ಮೇಲೆಯೇ ಕೂಸಿಗೆ ಹೊದಿಸಿ.

ದೊಡ್ಡವರ ಕೌದಿ

ಕೈ ಕುದುರಿದ ಮೇಲೆ ಐದು ಅಡಿ ಅಗಲ, ಏಳೂವರೆ ಅಡಿ ಉದ್ದದ ಕೌದಿಗೆ ಮೂರು ಸೀರೆ ಹೊಂದಿಸಿಕೊಳ್ಳಿ. ಒಂದೊಂದು ಸೀರೆಯಿಂದ 60 ಇಂಚಿನ ಮೂರು ತುಂಡು ಬರುತ್ತವೆ. 45 ಇಂಚು ಅಗಲದ ಎರಡು ತುಂಡನ್ನು ಸೀರೆಯಂಚಿನ ಕಡೆಯಿಂದ ಕೂಡಿಸಿದರೆ 60 ಇಂಚು ಅಗಲ, ಸುಮಾರು 90 ಇಂಚು ಉದ್ದದ ಒಂದು ಪದರ ಆಗುತ್ತದೆ. ಮೂರು ಸೀರೆಯ ಒಂಬತ್ತು ತುಂಡಿನಿಂದ ನಾಲ್ಕು ಪದರ ಆಗಿ ಒಂದು ತುಂಡು ಮಿಗುತ್ತದೆ. ಆ ತುಂಡು, ಪ್ರತಿ ಸೀರೆಯಲ್ಲಿ ಉಳಿದ 36 ಇಂಚು, ಹಳೆ ಕುಪ್ಪಸ, ಅಂಗಿ, ಲಂಗ ಎಲ್ಲವೂ ತೇಪೆಗೆ ಆಗುತ್ತವೆ.

ಕೂಡಿಸುವಾಗ ಅಂಚುಗಳನ್ನು ಮಡಚಿ ಹೊಲಿದರೆ ನಾಲ್ಕು ಪದರದ ಮಡಿಕೆ ಒಂದೇ ಕಡೆ ಸೇರಿ ಬೆನ್ನಿಗೆ ಒತ್ತುವ ಏರಿಯಾಗುತ್ತದೆ. ಸೀರೆಯಂಚು ಎಳೆ ಬಿಡುವುದಿಲ್ಲವಾದ್ದರಿಂದ ಒಂದರ ಮೇಲೊಂದು ಅರ್ಧ ಇಂಚು ಹತ್ತಿಸಿ ಸಪಾಟಾಗಿ ಓಡುವ ಹೊಲಿಗೆ ಹಾಕಿದರೆ ಸಾಕು.

ಮನೆಯಲ್ಲಿ ಹೊಲಿಗೆ ಮಷಿನ್ ಇದ್ದವರು ಕೂಡಿಸುವ ಕೆಲಸಕ್ಕೆ ಅದನ್ನೇ ಬಳಸಬಹುದು. ಪದರಗಳನ್ನೂ ಮಷಿನ್ನಿನಲ್ಲೇ ಹೊಲಿಯುವುದಾದರೆ 14ನೇ ನಂಬರಿನ ಬದಲು 16ನೇ ನಂಬರಿನ ಸೂಜಿ ಹಾಕಿ, ಟಾಕನ್ನು ಉದ್ದಕ್ಕಿಡಿ, ಮೇಲಿನ ಕಾಲಿನ ಒತ್ತಡ ಕಡಿಮೆ ಮಾಡಿ. ಕೆಳಗಿನ ಹಲ್ಲುಗಳು ಅಡಿಪದರವನ್ನು ಮುಂದಕ್ಕೆ ಎಳೆಯುತ್ತವೆ, ಮೇಲಿನ ಕಾಲು ಮೇಲ್ಪದರವನ್ನು ತಡೆಯುತ್ತದೆ. ಮಷಿನ್ ಕೌದಿಯಲ್ಲಿ ಸುಕ್ಕು ಏಳುವುದು ಇದರಿಂದಲೇ. ಇಲ್ಲಿ ಕಚ್ಚಾ ಹೊಲಿಗೆಯನ್ನು ನಾಲ್ಕು ಇಂಚಿಗೊಂದರಂತೆ ಒತ್ತಾಗಿ ಹಾಕಿ. ಮಷಿನ್ ಕೌದಿ ಬೇಗ ಆಗುತ್ತದೆ, ಗಟ್ಟಿಯೂ ಇರುತ್ತದೆ. ಮೆತ್ತಗೆ ಮೈಗೆ ಹೊಂದಿಕೊಳ್ಳುವ ಗುಣ ಮಾತ್ರ ಕೈಹೊಲಿಗೆಯದೇ.

ಮಕ್ಕಳಿಗೂ ಒಂದು ಕೆಲಸ

ಸೂಜಿ ಹಿಡಿಯಬಲ್ಲ ಮಕ್ಕಳಿಗೆ ಬಿಸಿ ಪಾತ್ರೆ ಇಳಿಸುವ ಕೈಬಟ್ಟೆ ಒಳ್ಳೆಯ ಪಾಠ. ಎಂಟು ಇಂಚಿನ ಆರು ಚೌಕ ಹತ್ತಿ ತುಂಡು ಜೋಡಿಸಿ, ಅಂಚು ಮಡಚಿ, ಸುತ್ತಿನೊಳಗೆ ಸುತ್ತು ಹೊಲಿಯಲಿ. ಇಲ್ಲೂ ಪಾಲಿಯೆಸ್ಟರ್ ಬೆರೆಯಬಾರದು, ಬಿಸಿಗೆ ಕರಗುತ್ತದೆ. ಒಂದು ಮೂಲೆಗೆ ತೂಗುಹಾಕಲು ಬಟ್ಟೆಯ ಕುಣಿಕೆ ಇಟ್ಟರೆ ಅಡುಗೆಮನೆಗೆ ನಿತ್ಯ ಬೇಕಾಗುವ ವಸ್ತುವಾಯಿತು. ಕೌದಿಯ ಪಾಠವೆಲ್ಲ ಈ ಎಂಟು ಇಂಚಿನಲ್ಲೇ ಇದೆ.

ಇನ್ನೂ ಚಿಕ್ಕವರು ತೇಪೆಗಳನ್ನು ಬಣ್ಣದ ಪ್ರಕಾರ ವಿಂಗಡಿಸಲಿ, ಅಳತೆ ಹಿಡಿಯಲಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯಲಿ. ಯಾವ ತುಂಡು ಯಾರ ಅಂಗಿಯದು, ಯಾವ ಹಬ್ಬಕ್ಕೆ ತಂದದ್ದು ಎಂದು ಅಜ್ಜಿಯನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಲಿ. ಮನೆಯ ಚರಿತ್ರೆಯನ್ನು ಬರೆಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ತೊಳೆಯುವುದು, ಇಡುವುದು

ನವರಾತ್ರಿಗೆ ಮುನ್ನ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಹಾಕುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಇಂದಿಗೂ ಇದೆ. ದೊಡ್ಡವರ ಕೌದಿ ಒದ್ದೆಯಾದರೆ ತುಂಬ ಭಾರ. ಒಂದೇ ತಂತಿಗೆ ನೇತುಹಾಕಿದರೆ ಆ ಭಾರಕ್ಕೆ ಟಾಕುಗಳು ಹರಿಯುತ್ತವೆ. ಬಂಡೆಯ ಮೇಲೋ ತಾರಸಿಯಲ್ಲಿ ಚಾಪೆಯ ಮೇಲೋ ಹರವಿ, ಇಲ್ಲವೆ ಎರಡು ಮೂರು ತಂತಿಯ ಮೇಲೆ ಭಾರ ಹಂಚಿ ಹಾಕಿ. ಹಿಂಡಬೇಡಿ, ನೀರು ಒತ್ತಿ ತೆಗೆಯಿರಿ. ಮೇಲ್ಮೈ ಒಣಗಿದರೂ ಒಳಪದರದಲ್ಲಿ ತೇವ ಉಳಿದಿರುತ್ತದೆ, ಮಡಚಿಟ್ಟರೆ ಬೂಸು ಹಿಡಿಯುತ್ತದೆ. ಎರಡೂ ಮಗ್ಗುಲು ಬಿಸಿಲು ಕಾಣಿಸಿ ಪೂರ್ತಿ ಒಣಗಿದ ಮೇಲೆ ಒಣ ಬೇವಿನೆಲೆ ಹಾಕಿ ಎತ್ತಿಡಿ. ಎಲ್ಲಾದರೂ ಬಟ್ಟೆ ಸವೆದು ತೂತಾದರೆ ಅದರ ಮೇಲೊಂದು ಹೊಸ ತೇಪೆ ಕೂರಿಸಿದರಾಯಿತು. ಹೀಗೆ ತೇಪೆಯ ಮೇಲೆ ತೇಪೆ ಬಿದ್ದು ತಲೆಮಾರು ದಾಟಿದ ಕೌದಿಗಳು ಎಷ್ಟೋ ಮನೆಗಳಲ್ಲಿವೆ.

ಕೊನೆಗೊಂದು ಲೆಕ್ಕ, ಒಂದು ಮಾತು

ದೊಡ್ಡವರ ಕೌದಿಯಲ್ಲಿ ಮುಕ್ಕಾಲು ಇಂಚಿಗೊಂದು ಸಾಲಿನಂತೆ ಸುಮಾರು 183 ಮೀಟರ್ ಹೊಲಿಗೆ ಇರುತ್ತದೆ. ಗಂಟೆಗೆ 3 ಮೀಟರ್ ಎಂದರೆ 61 ಗಂಟೆ. ಕೈ ಪಳಗಿದವರು ಅರ್ಧ ಹೊತ್ತಿನಲ್ಲೇ ಮುಗಿಸುತ್ತಾರೆ ಅಂದುಕೊಂಡರೂ ದಿನಕ್ಕೆ ಎಂಟು ಗಂಟೆಯಂತೆ ನಾಲ್ಕು ದಿನದ ದುಡಿಮೆ. ಅದೂ ಬೆನ್ನು ಬಾಗಿಸಿ, ಕಣ್ಣು ನೆಟ್ಟು ಮಾಡುವ ದುಡಿಮೆ. ಊರೂರಿಗೆ ಬಂದು ಮನೆಯವರ ಹಳೆ ಬಟ್ಟೆ ಪಡೆದು ಕೌದಿ ಹೊಲಿದುಕೊಡುವ ಹೆಂಗಸರು ಇನ್ನೂ ಇದ್ದಾರೆ. ಕೌದಿಯನ್ನೇ ಜೀವನೋಪಾಯ ಮಾಡಿಕೊಂಡ ಮಹಿಳಾ ಗುಂಪುಗಳೂ ಇವೆ. ಅವರು ಕೇಳುವ ಕೂಲಿ ಹೆಚ್ಚಾಯಿತು ಎನ್ನುವ ಮುನ್ನ ಈ ನಾಲ್ಕು ದಿನದ ಲೆಕ್ಕ ಹಾಕಿ ನೋಡಿ.

ಈ ರಜೆಯಲ್ಲಿ ಒಂದೇ ಒಂದು ಕೂಸಿನ ಕೌದಿ ಹೊಲಿಯಿರಿ, ಅರ್ಧಕ್ಕೆ ಬಿಡದೆ ಮುಗಿಸಿ. ಆಮೇಲೆ ದೊಡ್ಡದು ಬೇಕೆನಿಸಿ, ಕೂರಲು ಬಿಡುವಿಲ್ಲದಿದ್ದರೆ ಹೊಲಿಯುವವರಿಂದಲೇ ಹೊಲಿಸಿಕೊಳ್ಳಿ. ಅವರು ಹೇಳಿದ ಕೂಲಿಯನ್ನು ಚೌಕಾಶಿ ಮಾಡದೆ ಕೊಡಿ.